ಎರಡನೇ ದಿನದ ಕಾಲು

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ ಹೊರಟ ತಂಡವನ್ನು ಮೊದಲ ದಿನ ನೋಡಿದರೆ ಯಾರು ತಯಾರಾಗಿ ಬಂದಿದ್ದಾರೆ, ಯಾರು ಹಾಗೇ ಹೊರಟುಬಿಟ್ಟಿದ್ದಾರೆ ಎಂದು ಹೇಳುವುದು ಕಷ್ಟ. ಎಲ್ಲರಿಗೂ ಏದುಸಿರು, ಎಲ್ಲರಿಗೂ ಬೆವರು. ಹಳೆಯ ಪದ್ಧತಿಯಂತೆ ಎರಡು ದಿನಕ್ಕೆ ಹಂಚಿಕೊಂಡು ಹೋಗುವವರು ಗಿರಿಗದ್ದೆಯ ಭಟ್ಟರ ಮನೆ ಮುಟ್ಟಿ, ಬಿಸಿ ಅನ್ನ ಸಾರು ಉಂಡರೆ ಅಂದಿನ ಲೆಕ್ಕ ಚುಕ್ತಾ. ವ್ಯತ್ಯಾಸ ಕಾಣುವುದು ಮರುದಿನ ಮಧ್ಯಾಹ್ನದ ಮೇಲೆ. ಕಲ್ಲು ಮಂಟಪ, ಶೇಷ ಪರ್ವತ ದಾಟಿ 1,712 ಮೀಟರ್ ಎತ್ತರದ ತುದಿ ಮುಟ್ಟಿ, ಬಂದ ದಾರಿಯಲ್ಲೇ ಹಿಂತಿರುಗಿ, ಗಿರಿಗದ್ದೆಯ ಕೆಳಗಿನ ಕಾಡಿನ ಬೇರು-ಬಂಡೆಗಳ ಇಳಿಜಾರಿಗೆ ಬರುವ ಹೊತ್ತಿಗೆ ಕೆಲವರು ಅಡ್ಡಡ್ಡ ತಿರುಗಿಕೊಂಡು ಇಳಿಯುತ್ತಿರುತ್ತಾರೆ. ಇನ್ನು ಕೆಲವರು ಪ್ರತಿ ದೊಡ್ಡ ಕಲ್ಲಿಗೂ ಕೂತು, ಕೈಯೂರಿ, ಕಾಲು ಇಳಿಬಿಟ್ಟು ಜಾರುತ್ತಾರೆ. ನಿಂತರೆ ತೊಡೆ ನಡುಗುತ್ತದೆ. ಉಸಿರಿಗೆ ಏನೂ ಆಗಿರುವುದಿಲ್ಲ, ಮಾತಾಡುತ್ತಲೇ ಇರುತ್ತಾರೆ. ಕಾಲು ಮಾತ್ರ ಮಾತು ಕೇಳುವುದಿಲ್ಲ.

ಹೀಗಾಗುವವರೆಲ್ಲ ವ್ಯಾಯಾಮದ ಮುಖ ನೋಡದವರೇನಲ್ಲ. ಬೆಳಿಗ್ಗೆ ಲಾಲ್‌ಬಾಗಿನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಓಡುವವರು, ಜಿಮ್ಮಿನ ಟ್ರೆಡ್‌ಮಿಲ್ಲಿನಲ್ಲಿ ದಿನವೂ ಬೆವರಿಳಿಸುವವರು ಇವರಲ್ಲಿದ್ದಾರೆ. ಹಿಮಾಲಯಕ್ಕೆ ಕರೆದೊಯ್ಯುವ ಅನೇಕ ಸಂಸ್ಥೆಗಳು 5 ಕಿಲೋಮೀಟರ್ ಓಟವನ್ನು ಇಂತಿಷ್ಟು ನಿಮಿಷದಲ್ಲಿ ಮುಗಿಸಿದ ದಾಖಲೆ ಕೇಳುತ್ತವೆ. ಅದನ್ನು ತೋರಿಸಿ ಸೀಟು ಗಿಟ್ಟಿಸಿಕೊಂಡವರು ತಯಾರಿ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದು ಅರ್ಧ. ಸಮತಟ್ಟು ರಸ್ತೆಯ ಓಟ ಹೃದಯ, ಶ್ವಾಸಕೋಶಗಳನ್ನು ಹದಗೊಳಿಸುತ್ತದೆ. ಹತ್ತುವುದಕ್ಕೆ ಅದು ಬೇಕೇ ಬೇಕು. ಆದರೆ ಬೆನ್ನ ಮೇಲೆ ಹೊರೆ ಹೊತ್ತು ಮೂರು-ನಾಲ್ಕು ದಿನ ಬೆಟ್ಟದಲ್ಲಿ ನಡೆಯುವವರಿಗೆ ಹೆಚ್ಚಾಗಿ ಕೈಕೊಡುವುದು ತೊಡೆಯ ಮುಂಭಾಗ, ಅದೂ ಇಳಿಯುವಾಗ. ಚಾರಣದ ತಯಾರಿಯೆಂದರೆ ಹತ್ತುವ ತಯಾರಿ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಈ ಮಾತನ್ನು ಒತ್ತಿ ಹೇಳಬೇಕಾಗಿದೆ: ಇಳಿದು ರೂಢಿಯಿಲ್ಲದ ಕಾಲು ಎರಡನೇ ದಿನಕ್ಕೆ ಉಳಿಯುವುದಿಲ್ಲ.

ಇದರ ಕಾರಣ ಸ್ನಾಯು ಕೆಲಸ ಮಾಡುವ ರೀತಿಯಲ್ಲೇ ಇದೆ. ಮೆಟ್ಟಿಲು ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ, ಬೀಳುತ್ತಿರುವ ಭಾರವನ್ನು ತಡೆಹಿಡಿದು ಮೆಲ್ಲಗೆ ಕೆಳಗಿಡಬೇಕು. ಶರೀರಶಾಸ್ತ್ರದವರು ಇದನ್ನು ಎಕ್ಸೆಂಟ್ರಿಕ್ ಕೆಲಸ ಎನ್ನುತ್ತಾರೆ. ಇದಕ್ಕೆ ಆಮ್ಲಜನಕ ಕಡಿಮೆ ಸಾಕು, ಹಾಗಾಗಿ ಏದುಸಿರು ಬರುವುದಿಲ್ಲ, ಸುಲಭ ಎನಿಸುತ್ತದೆ. ಆದರೆ ಅಷ್ಟೇ ಭಾರಕ್ಕೆ ಇಲ್ಲಿ ದುಡಿಯುವ ಎಳೆಗಳ ಸಂಖ್ಯೆ ಕಡಿಮೆ, ಒಂದೊಂದು ಎಳೆಯ ಮೇಲೆ ಬೀಳುವ ಎಳೆತ ಹೆಚ್ಚು. ರೂಢಿಯಿಲ್ಲದ ಸ್ನಾಯುವಿನಲ್ಲಿ ಸೂಕ್ಷ್ಮವಾದ ಸೀಳುಗಳಾಗುತ್ತವೆ. ನೋವು ಅಲ್ಲೇ ಕಾಣಿಸದೆ, ಮರುದಿನ ಶುರುವಾಗಿ, ಎರಡನೇ ಮೂರನೇ ದಿನಕ್ಕೆ ಏರುತ್ತದೆ. ಭಾನುವಾರ ಸ್ಕಂದಗಿರಿಗೆ ಹೋಗಿ ಬಂದವರು ಮಂಗಳವಾರ ಕಚೇರಿಯ ಮೆಟ್ಟಿಲ ಕಂಬಿ ಹಿಡಿದು ಇಳಿಯುವುದು ಇದಕ್ಕೇ.

ಒಂದು ದಿನದ ಬೆಟ್ಟವಾದರೆ ಆ ನೋವನ್ನು ಮನೆಯಲ್ಲಿ ಅನುಭವಿಸಿ ಮುಗಿಸಬಹುದು. ಹಲವು ದಿನಗಳ ಚಾರಣದಲ್ಲಿ ಅದು ದಾರಿಯ ನಡುವೆ ಬರುತ್ತದೆ. ಸ್ನಾಯು ನೋಯುವುದರ ಜೊತೆಗೆ ಅದರ ಬಲವೂ ಕುಂದಿರುತ್ತದೆ. ಹಾಗೆ ಬಲ ಕುಂದಿದಾಗ ಮೊಣಕಾಲು, ಪಾದದ ಕೀಲು ತಾವು ಹೊರಬೇಕಿಲ್ಲದ ಭಾರ ಹೊರುತ್ತವೆ, ಹೆಜ್ಜೆ ತಪ್ಪುತ್ತದೆ. ಪೆಟ್ಟಾದ ಸ್ನಾಯುವಿನಲ್ಲಿ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು ಮರುಭರ್ತಿಯಾಗುವುದೂ ನಿಧಾನ. ರಾತ್ರಿ ಹೊಟ್ಟೆ ತುಂಬ ಉಂಡರೂ ಬೆಳಿಗ್ಗೆ ಕಾಲಿನಲ್ಲಿ ಕಸುವಿಲ್ಲ ಅನಿಸುವುದಕ್ಕೆ ಇದೂ ಒಂದು ಕಾರಣ.

ಒಳ್ಳೆಯ ಸುದ್ದಿ ಏನೆಂದರೆ, ಸ್ನಾಯು ಈ ಪಾಠವನ್ನು ಬಹಳ ಬೇಗ ಕಲಿಯುತ್ತದೆ. ಒಮ್ಮೆ ಇಳಿಜಾರಿನ ಪೆಟ್ಟು ತಿಂದು ಚೇತರಿಸಿಕೊಂಡ ಸ್ನಾಯು ಅದೇ ಪೆಟ್ಟಿಗೆ ಎರಡನೇ ಸಲ ಅಷ್ಟು ನಲುಗುವುದಿಲ್ಲ. ಒಂದೇ ಒಂದು ಸಲದ ಇಳಿತದಿಂದ ಬಂದ ರಕ್ಷಣೆ ಕೆಲವು ವಾರಗಳವರೆಗೆ ಉಳಿಯುತ್ತದೆಂದು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ಓಟದ ದಮ್ಮು ಕಟ್ಟಲು ತಿಂಗಳುಗಳು ಬೇಕು, ಇಳಿಯುವ ಕಾಲಿಗೆ ಅಷ್ಟು ಬೇಡ. ಇಷ್ಟು ಅಗ್ಗವಾಗಿ ಸಿಗುವ ರಕ್ಷಣೆಯನ್ನು ಬಹುತೇಕರು ಪಡೆಯದೆ ಹೋಗುತ್ತಾರಲ್ಲ ಎಂಬುದೇ ನನ್ನ ಸಂಕಟ.

ಅಪಾರ್ಟ್‌ಮೆಂಟುಗಳಲ್ಲಿ ಒಂದು ಅಭ್ಯಾಸ ನೋಡುತ್ತೇನೆ. ಚಾರಣಕ್ಕೆ ಹೆಸರು ಕೊಟ್ಟವರು ಹತ್ತನೇ ಮಹಡಿವರೆಗೆ ಮೆಟ್ಟಿಲು ಹತ್ತುತ್ತಾರೆ, ಮೊಣಕಾಲು ಸವೆಯಬಾರದೆಂದು ಲಿಫ್ಟಿನಲ್ಲಿ ಇಳಿಯುತ್ತಾರೆ. ಮತ್ತೆ ಹತ್ತುತ್ತಾರೆ, ಮತ್ತೆ ಲಿಫ್ಟು. ಶ್ರದ್ಧೆ ಮೆಚ್ಚಬೇಕಾದದ್ದೇ. ಆದರೆ ಬೆಟ್ಟದಲ್ಲಿ ಲಿಫ್ಟ್ ಇರುವುದಿಲ್ಲ. ತೈವಾನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಯಸ್ಸಾದ, ತೂಕ ಹೆಚ್ಚಿದ್ದ 30 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಮೆಟ್ಟಿಲು ಹತ್ತಿ ಲಿಫ್ಟಿನಲ್ಲಿ ಇಳಿಯಿತು, ಇನ್ನೊಂದು ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯಿತು. ವಾರಕ್ಕೆ ಎರಡು ದಿನದಂತೆ 12 ವಾರ. ಕೊನೆಗೆ ತೊಡೆಯ ಬಲ, ಮೂಳೆಯ ಸಾಂದ್ರತೆ, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ರೀತಿ ಹೀಗೆ ಬಹುತೇಕ ಎಲ್ಲದರಲ್ಲೂ ಇಳಿದವರೇ ಹೆಚ್ಚು ಲಾಭ ಪಡೆದಿದ್ದರು. ಮೆಲ್ಲಗೆ ಶುರುಮಾಡಿ, ಸ್ವಲ್ಪಸ್ವಲ್ಪವೇ ಹೆಚ್ಚಿಸಿದ್ದರಿಂದ ಇದು ಅವರಿಗೆ ಸಾಧ್ಯವಾಯಿತು ಎಂಬುದನ್ನು ಮರೆಯಬಾರದು. ಸಂಧಿವಾತ ಇರುವವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಉಳಿದವರು ಲಿಫ್ಟಿನ ದಿಕ್ಕು ಬದಲಿಸಿದರೆ ಸಾಕು.

ಮನೆಯೊಳಗೇ ಮಾಡಬಹುದಾದ ಒಂದು ವ್ಯಾಯಾಮವನ್ನು ಇಲ್ಲಿ ವಿವರವಾಗಿ ಹೇಳುತ್ತೇನೆ. ಇದೊಂದನ್ನೇ ಮಾಡಿದರೂ ನಷ್ಟವಿಲ್ಲ. ಮೆಟ್ಟಿಲಿನ ಕೊನೆಯ ಹಂತದ ಮೇಲೆ ಬಲಗಾಲಿನಲ್ಲಿ ನಿಂತುಕೊಳ್ಳಿ. ಒಂದು ಬೆರಳು ಗೋಡೆಗೆ ತಾಗಿರಲಿ, ಆತುಕೊಳ್ಳುವುದು ಬೇಡ. ಎಡಗಾಲನ್ನು ಮುಂದೆ ಚಾಚಿ, ಬಲ ಮೊಣಕಾಲನ್ನು ಮಡಿಸುತ್ತಾ, ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಎಡ ಹಿಮ್ಮಡಿ ನೆಲಕ್ಕೆ ತಾಗುವವರೆಗೆ ಇಳಿಯಿರಿ. ಹಿಮ್ಮಡಿ ನೆಲವನ್ನು ಮುಟ್ಟಬೇಕು, ಭಾರ ಬಿಡಬಾರದು. ಹಾಗೇ ಮೇಲೆದ್ದು ನಿಲ್ಲಿ. ಕನ್ನಡಿಯ ಮುಂದೆ ಮಾಡಿದರೆ ಮೊಣಕಾಲು ಎತ್ತ ಹೋಗುತ್ತಿದೆ ಎಂದು ಕಾಣುತ್ತದೆ. ಅದು ಹೆಬ್ಬೆರಳಿನ ಒಳಬದಿಗೆ ವಾಲುತ್ತಿದ್ದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ ಎಂದರ್ಥ. ಮೊಣಕಾಲು ಪಾದದ ಎರಡನೇ ಬೆರಳಿನ ನೇರಕ್ಕೆ ಬರುವಂತೆ ತಿದ್ದಿಕೊಳ್ಳಬೇಕು. ಮೂರನೆಯದೋ ನಾಲ್ಕನೆಯದೋ ಎಣಿಕೆಯಲ್ಲಿ ಕಾಲು ಥಟ್ಟನೆ ಬಿದ್ದುಬಿಡುವ ಒಂದು ಜಾಗ ಎಲ್ಲರಿಗೂ ಇರುತ್ತದೆ. ಆ ಜಾಗವನ್ನು ನಿಧಾನವಾಗಿ ದಾಟಲು ಕಲಿಯುವುದೇ ಇಲ್ಲಿನ ಅಸಲು ಕೆಲಸ. ಒಂದೊಂದು ಕಾಲಿಗೆ ಎಂಟರಿಂದ ಹತ್ತು, ಎರಡು-ಮೂರು ಸುತ್ತು, ವಾರಕ್ಕೆ ಎರಡು ದಿನ. ಮೊದಲ ವಾರ ತೊಡೆ ಹಿಡಿದುಕೊಳ್ಳುತ್ತದೆ, ಮೂರನೇ ವಾರದ ಹೊತ್ತಿಗೆ ಬಿಡುತ್ತದೆ. ಆಗ ಬೆನ್ನಿಗೆ ಬ್ಯಾಗು ಏರಿಸಬಹುದು.

ನೋವಿನ ವ್ಯತ್ಯಾಸ ತಿಳಿದಿರಬೇಕು. ಎರಡೂ ತೊಡೆಯಲ್ಲಿ ಹರಡಿಕೊಂಡು, ಮುಟ್ಟಿದರೆ ನೋಯುವ, ಮೂರು-ನಾಲ್ಕು ದಿನಕ್ಕೆ ಇಳಿಯುವ ನೋವು ಸ್ನಾಯುವಿನದು, ಹೆದರಬೇಕಿಲ್ಲ. ಒಂದೇ ಮೊಣಕಾಲಿನ ಒಂದೇ ಬಿಂದುವಿನಲ್ಲಿ ಚುಚ್ಚುವ, ಊತ ಬರುವ, ರಾತ್ರಿ ನಿದ್ದೆಗೆಡಿಸುವ ನೋವು ಕೀಲಿನದು, ಅಲ್ಲಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ವಿಪರೀತ ಇಳಿದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊರೆಯಾಗುತ್ತಿದೆಯೆಂದು ತಿಳಿದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಪರೂಪ, ಆದರೆ ಕಾದು ನೋಡುವಂಥದ್ದಲ್ಲ.

ಎರಡನೇ ದಿನಕ್ಕೆ ತಯಾರಾಗಬೇಕೆಂದರೆ ಎರಡನೇ ದಿನವನ್ನೇ ಅಭ್ಯಾಸ ಮಾಡಬೇಕು. ಚಾರಣಕ್ಕೆ ಎರಡೂವರೆ-ಮೂರು ತಿಂಗಳಿರುವಾಗ ವಾರದ ನಡುವೆ ಎರಡು ದಿನ ಬಿರುನಡಿಗೆಯೋ ಓಟವೋ, ಎರಡು ದಿನ ಮೆಟ್ಟಿಲು. ವಾರಾಂತ್ಯಕ್ಕೆ ಒಂದು ಉದ್ದದ ನಡಿಗೆ. ಕೊನೆಯ ಆರು ವಾರಗಳಲ್ಲಿ ಎರಡು ಮೂರು ಸಲವಾದರೂ ಶನಿವಾರ, ಭಾನುವಾರ ಬೆನ್ನುಬೆನ್ನಿಗೆ ನಡೆಯಿರಿ. ಶನಿವಾರ ಬೆಟ್ಟ, ಭಾನುವಾರ ಊರ ಹೊರಗಿನ ಮಣ್ಣುದಾರಿಯಲ್ಲಿ ಮೂರು ಗಂಟೆ. ಭಾನುವಾರ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಾಲು ಬೇಡವೆನ್ನುತ್ತದೆ, ಮೊದಲ ಇಪ್ಪತ್ತು ನಿಮಿಷ ಮೈ ಮರಗಟ್ಟಿದಂತಿರುತ್ತದೆ, ಆಮೇಲೆ ಸಡಿಲಾಗುತ್ತದೆ. ಹೀಗೆ ಸಡಿಲಾಗುತ್ತದೆ ಎಂಬುದನ್ನು ಮೊದಲೇ ಕಂಡಿರುವವರು ಕಾಡಿನ ನಡುವಿನ ಡೇರೆಯಲ್ಲಿ ಎದ್ದಾಗ ಗಾಬರಿಯಾಗುವುದಿಲ್ಲ. ಕೊನೆಯ ವಾರ ಮಾತ್ರ ಏನನ್ನೂ ಹೊಸದಾಗಿ ಮಾಡಬಾರದು. ಲಘುವಾಗಿ ನಡೆದು, ಚೆನ್ನಾಗಿ ನಿದ್ದೆ ಮಾಡುವುದಷ್ಟೇ.

ಹೊರೆಗೆ ನೀರಿನ ಬಾಟಲಿಗಳೇ ಒಳ್ಳೆಯವು. ಎರಡು ಲೀಟರಿನ ಒಂದು ಬಾಟಲಿ ಎಂದರೆ ಎರಡು ಕಿಲೋ, ಲೆಕ್ಕ ಸುಲಭ. ಎರಡರಿಂದ ಶುರುಮಾಡಿ ವಾರ ವಾರ ಏರಿಸುತ್ತಾ, ಚಾರಣದಲ್ಲಿ ಹೊರಬೇಕಾದ ತೂಕಕ್ಕೆ ತಲುಪಿದರೆ ಸಾಕು, ಅದನ್ನು ಮೀರುವ ಅಗತ್ಯವಿಲ್ಲ. ಮೊದಮೊದಲು ತುದಿ ಮುಟ್ಟಿದ ಮೇಲೆ ನೀರನ್ನು ಗಿಡಕ್ಕೆ ಸುರಿದು ಹಗುರಾಗಿ ಇಳಿಯುವುದು ಜಾಣತನ. ಕೊನೆಕೊನೆಗೆ ಸುರಿಯದೆ ಹೊತ್ತುಕೊಂಡೇ ಇಳಿಯಬೇಕು. ಚಾರಣದಲ್ಲಿ ಹೊರೆ ಇಳಿಯುವಾಗಲೂ ಬೆನ್ನ ಮೇಲೇ ಇರುತ್ತದೆ.

ಸಮಯದ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಬೆಟ್ಟ ಹತ್ತುವವರು ಇವತ್ತಿಗೂ ಬಳಸುತ್ತಾರೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಗಮನಿಸಿದರೆ ಈ ಸೂತ್ರದಲ್ಲಿ ಇಳಿತಕ್ಕೆ ಲೆಕ್ಕವೇ ಇಲ್ಲ. ನಮ್ಮ ಪಶ್ಚಿಮ ಘಟ್ಟದ ಜಾರುಗಲ್ಲು, ಮಳೆ, ಉಂಬಳಗಳ ನಡುವೆ ಇಳಿಯಲು ಹತ್ತಿದಷ್ಟೇ ಹೊತ್ತು ಹಿಡಿಯುವುದುಂಟು. ಕತ್ತಲಾಗುವ ಮೊದಲು ಕೆಳಗಿರಬೇಕೆಂದರೆ ಆ ಹೊತ್ತನ್ನೂ ಕೂಡಿಸಿಕೊಂಡೇ ಹೊರಡಬೇಕು. ಅರಣ್ಯ ಇಲಾಖೆಯ ಅನುಮತಿ, ವಾಸ್ತವ್ಯದ ನಿಯಮಗಳು ಆಗಾಗ ಬದಲಾಗುತ್ತವೆ. ಎರಡು ದಿನದ ದಾರಿ ಒಂದೇ ದಿನದ್ದಾಗಿರಲೂಬಹುದು. ತಯಾರಿಗೆ ಮೊದಲು ಅದನ್ನು ವಿಚಾರಿಸಿಕೊಳ್ಳಿ.

ಶೂ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಇಳಿತಕ್ಕೆ ಸಂಬಂಧಿಸಿದ್ದನ್ನಷ್ಟೇ ಹೇಳುತ್ತೇನೆ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಶೂ ತುದಿಗೆ ಬಡಿಯುತ್ತದೆ. ಉಗುರು ಕಪ್ಪಾಗಿ ಬಿದ್ದುಹೋಗುವುದು ಹೀಗೆ. ಸಂಜೆ, ಪಾದ ಉಬ್ಬಿರುವ ಹೊತ್ತಿನಲ್ಲಿ, ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಶೂ ಕೊಳ್ಳಿ. ಬೆರಳ ಮುಂದೆ ಹೆಬ್ಬೆರಳಿನಷ್ಟು ಜಾಗ ಇರಲಿ. ಇಳಿಯಲು ಶುರುಮಾಡುವ ಮೊದಲು ಕೂತು, ಹಿಮ್ಮಡಿಯನ್ನು ಶೂ ಹಿಂಭಾಗಕ್ಕೆ ಒತ್ತಿ, ಮೇಲಿನ ಎರಡು ತೂತುಗಳಲ್ಲಿ ಲಾಡಿಯನ್ನು ಬಿಗಿದು ಕಟ್ಟಿ. ಉಗುರನ್ನು ಹೊರಡುವ ಎರಡು ಮೂರು ದಿನ ಮೊದಲೇ ಕತ್ತರಿಸಿ. ಎರಡು ಕೋಲು ಹಿಡಿದು ನಡೆಯಲು ನಾಚಿಕೆ ಬೇಡ. ಇಳಿಯುವಾಗ ಮೊಣಕಾಲಿನ ಭಾರದ ಒಂದು ಪಾಲನ್ನು ಅವು ತೋಳಿಗೆ ವರ್ಗಾಯಿಸುತ್ತವೆ. ಇಳಿಜಾರಿನಲ್ಲಿ ಕೋಲನ್ನು ಸ್ವಲ್ಪ ಉದ್ದ ಮಾಡಿಕೊಳ್ಳಬೇಕು.

ಊಟದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಇರುವುದೇ ಸಾಕು. ಗಂಟೆಗೊಮ್ಮೆ ಸ್ವಲ್ಪ ತಿನ್ನುತ್ತಿರಬೇಕು, ಹಸಿವಾಗುವವರೆಗೆ ಕಾಯಬಾರದು. ಬೆಲ್ಲ ಕಲಸಿದ ಹುರಿಹಿಟ್ಟು, ಶೇಂಗಾ ಚಿಕ್ಕಿ, ಹುರಿಗಡಲೆ, ಬಾಳೆಹಣ್ಣು. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ವಿಪರೀತ ಕುಡಿಯುವುದೂ ಅಪಾಯ. ಒಆರ್‌ಎಸ್ ಪೊಟ್ಟಣ ಜೊತೆಗಿರಲಿ. ಕ್ಯಾಂಪ್ ಮುಟ್ಟಿದ ಕೂಡಲೇ ಮಲಗದೆ, ಮೊದಲೊಂದು ಗಂಟೆಯೊಳಗೆ ಅನ್ನವನ್ನೋ ಅವಲಕ್ಕಿಯನ್ನೋ ಉಣ್ಣಿ. ನಾಳೆಯ ನಡಿಗೆಯ ಬಹುಪಾಲು ಇಂಧನ ಇವತ್ತು ಸಂಜೆ ತುಂಬುತ್ತದೆ.

ಹಲವು ದಿನ ನಡೆಯುವುದನ್ನು ನಮ್ಮವರು ಟ್ರೆಕ್ಕಿಂಗ್ ಕಂಪನಿಗಳಿಂದ ಕಲಿಯಬೇಕಾಗಿರಲಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಭಕ್ತರು ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ, ಎಷ್ಟೋ ಜನ ಬರಿಗಾಲಿನಲ್ಲಿ. ದಿನಗಟ್ಟಲೆ ಬಯಲುಸೀಮೆಯ ದಾರಿ, ಕೊನೆಗೆ ನಲ್ಲಮಲ ಕಾಡು. ಅಲ್ಲಿ ಭೀಮನ ಕೊಳ್ಳದ ಕಡಿದಾದ ಇಳಿತ, ಅದರ ಬೆನ್ನಿಗೇ ಕೈಲಾಸ ದ್ವಾರದ ಏರು. ನಡೆದು ನಡೆದು ಸೋತ ಕಾಲಿಗೆ ಅತಿ ಕಷ್ಟದ ಇಳಿತ ಕೊನೆಯಲ್ಲೇ ಬರುತ್ತದೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವವರಿಗೂ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ಉದ್ದನೆಯ ಇಳಿಜಾರು ಬರುವುದು ಹಲವು ದಿನ ನಡೆದಾದ ಮೇಲೆ. ಈ ದಾರಿಗಳಲ್ಲಿ ಹಳಬರು ಪಾಲಿಸುವ ಕ್ರಮವನ್ನು ಗಮನಿಸಬೇಕು. ನಸುಕಿನ ಮೂರು-ನಾಲ್ಕಕ್ಕೇ ಹೊರಟು ಬಿಸಿಲೇರುವ ಮೊದಲು ದಿನದ ಬಹುಪಾಲು ಮುಗಿಸುತ್ತಾರೆ. ಮಧ್ಯಾಹ್ನ ಮರದ ನೆರಳಲ್ಲಿ ಕಾಲು ಎತ್ತರದಲ್ಲಿಟ್ಟು ಮಲಗುತ್ತಾರೆ. ಸಂಜೆ ಊರವರು ಬಿಸಿನೀರು ಕೊಡುತ್ತಾರೆ, ಎಣ್ಣೆ ಹಚ್ಚಿ ಮೀನಖಂಡ ತಿಕ್ಕುತ್ತಾರೆ. ಮೊದಲ ದಿನ ಯಾರೂ ಓಟ ಕೀಳುವುದಿಲ್ಲ. ವರ್ಷವಿಡೀ ಹೊಲದಲ್ಲಿ ದುಡಿದ ಕಾಲುಗಳು ಅವರಲ್ಲಿ ಅನೇಕರವು ಎಂಬುದೂ ನಿಜ. ಪೇಟೆಯಿಂದ ನೇರ ಬಂದು ಸೇರಿಕೊಂಡವರೇ ಎರಡನೇ ದಿನಕ್ಕೆ ಅಂಗಾಲ ಗುಳ್ಳೆಗೆ ಬಟ್ಟೆ ಸುತ್ತಿಕೊಂಡು ಕೂತಿರುತ್ತಾರೆ.

ಹಿಮಾಲಯಕ್ಕೆ ಹೋಗುವವರಿಗೆ ಒಂದು ಮಾತು. ಎಷ್ಟೇ ಗಟ್ಟಿ ಕಾಲು, ಎಷ್ಟೇ ದಮ್ಮು ಇದ್ದರೂ ಅದು ಎತ್ತರದ ಕಾಯಿಲೆಯನ್ನು ತಡೆಯುವುದಿಲ್ಲ. ದಿನವೂ ಹತ್ತು ಕಿಲೋಮೀಟರ್ ಓಡುವ ಯುವಕನಿಗೆ ತಲೆನೋವು, ವಾಂತಿ ಬಂದು, ಪಕ್ಕದ ಡೇರೆಯ ಅರುವತ್ತರ ಹಿರಿಯರು ಆರಾಮಾಗಿರುವುದುಂಟು. ಗಟ್ಟಿಗರು ಬೇಗಬೇಗ ಏರಿಬಿಡುವುದರಿಂದ ಅವರಿಗೇ ಅಪಾಯ ಹೆಚ್ಚು ಎಂದರೂ ಸರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಂತೆ, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲುವಂತೆ ಯೋಜಿಸಬೇಕೆಂದು ಪರ್ವತ ವೈದ್ಯರು ಹೇಳುತ್ತಾರೆ. ಹವಾಮಾನ ಕೆಟ್ಟರೆ ಕಾಲಿನ ಬಲವೂ ಒಂದು ಮಿತಿಯಾಚೆ ಕೆಲಸಕ್ಕೆ ಬರುವುದಿಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ, ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ತೀರಿಕೊಂಡರು. ಆ ನೋವು ನಮ್ಮ ಚಾರಣಿಗರ ಮನಸ್ಸಿನಿಂದ ಹೋಗಿಲ್ಲ. ದೇಹದ ತಯಾರಿಯನ್ನು ಎಷ್ಟು ಹೊಗಳಿದರೂ, ಹಿಂತಿರುಗುವ ತೀರ್ಮಾನವನ್ನು ಸಕಾಲಕ್ಕೆ ತೆಗೆದುಕೊಳ್ಳುವ ಮುಖಂಡ, ಒಳ್ಳೆಯ ಗೈಡು, ಬೆಚ್ಚಗಿನ ಬಟ್ಟೆ ಇವು ಅದಕ್ಕಿಂತ ಮೊದಲು ಬರುತ್ತವೆ.

ಇನ್ನು ಗಳಿಸಿದ್ದನ್ನು ಉಳಿಸಿಕೊಳ್ಳುವುದು. ಚಾರಣ ಮುಗಿಸಿ ಬಂದು ಕುರ್ಚಿಗೆ ಅಂಟಿಕೊಂಡರೆ ಎರಡು ಮೂರು ವಾರದಲ್ಲೇ ದಮ್ಮು ಇಳಿಯಲು ತೊಡಗುತ್ತದೆ. ಆದರೆ ಉಳಿಸಿಕೊಳ್ಳಲು, ಕಟ್ಟುವಾಗ ಪಟ್ಟಷ್ಟು ಶ್ರಮ ಬೇಡ. ಅಮೆರಿಕದ ಸಂಶೋಧಕ ರಾಬರ್ಟ್ ಹಿಕ್ಸನ್ 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಹತ್ತು ವಾರ, ವಾರಕ್ಕೆ ಆರು ದಿನ ಬಿರುಸಿನ ತರಬೇತಿ ಕೊಟ್ಟು, ಆಮೇಲೆ ವಾರಕ್ಕೆ ನಾಲ್ಕು ಅಥವಾ ಎರಡೇ ದಿನಕ್ಕೆ ಇಳಿಸಿದರು. ಹದಿನೈದು ವಾರ ಕಳೆದರೂ ಆಮ್ಲಜನಕ ಬಳಸುವ ಅವರ ಸಾಮರ್ಥ್ಯ ಕುಸಿದಿರಲಿಲ್ಲ. ದಿನ ಕಡಿಮೆಯಾದರೂ ಬಿರುಸು ಕಡಿಮೆಯಾಗಬಾರದು ಎಂಬುದು ಅವರ ಮುಂದಿನ ಪ್ರಯೋಗಗಳಲ್ಲಿ ಗೊತ್ತಾಯಿತು. ದಿನವೂ ಆರಾಮಾಗಿ ಅರ್ಧ ಗಂಟೆ ಅಡ್ಡಾಡುವುದಕ್ಕಿಂತ, ವಾರಕ್ಕೆ ಎರಡು ದಿನ ಮಾತು ಕಡಿಯುವಷ್ಟು ಬಿರುಸಾಗಿ ಏರುವುದು ಈ ಕೆಲಸಕ್ಕೆ ಮೇಲು. ಐವತ್ತು ದಾಟಿದವರಿಗೆ ಸ್ನಾಯುವಿನ ಬಲ ತಾನಾಗಿ ಇಳಿಯುತ್ತಿರುವುದರಿಂದ ಮೆಟ್ಟಿಲಿನ ಆ ವ್ಯಾಯಾಮವನ್ನು ಅವರು ವರ್ಷವಿಡೀ ಬಿಡಬಾರದು.

ಇಳಿಯುವ ಕಾಲಿನ ರಕ್ಷಣೆ ಕೆಲವು ವಾರ ಉಳಿಯುತ್ತದೆಂದರೆ, ತಿಂಗಳಿಗೊಂದು ಬೆಟ್ಟ ಇಳಿದರೆ ಅದು ಪೂರ್ತಿ ಹೋಗುವುದಿಲ್ಲ. ಮೈಸೂರಿನವರಿಗೆ ಚಾಮುಂಡಿಯ ಸಾವಿರ ಮೆಟ್ಟಿಲು, ಬೆಂಗಳೂರಿನವರಿಗೆ ಸುಲ್ತಾನಪೇಟೆ ಕಡೆಯಿಂದ ನಂದಿ, ಹಾಸನದ ಸುತ್ತಿನವರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿ, ಕೊಪ್ಪಳ-ಹೊಸಪೇಟೆಯವರಿಗೆ ಅಂಜನಾದ್ರಿಯ 575 ಮೆಟ್ಟಿಲು, ತುಮಕೂರಿನವರಿಗೆ ಮಧುಗಿರಿ, ಬಾಗಲಕೋಟೆಯವರಿಗೆ ಬಾದಾಮಿಯ ಕೋಟೆಗಳು. ಬೀದರ್, ಕಲಬುರಗಿಯ ಬಯಲಿನವರಿಗೆ ರೈಲು ನಿಲ್ದಾಣದ ಮೇಲ್ಸೇತುವೆಯೋ ನಾಲ್ಕಂತಸ್ತಿನ ಕಾಲೇಜು ಕಟ್ಟಡವೋ ಆಗುತ್ತದೆ. ಬಸ್ಸಿನಲ್ಲಿ ಮೇಲೆ ಹೋಗಿ ದರ್ಶನ ಮುಗಿಸಿ ನಡೆದು ಇಳಿದರೂ ಲೆಕ್ಕಕ್ಕೆ ಬರುತ್ತದೆ. ಒಂದೆರಡು ತಿಂಗಳು ಬಿಟ್ಟುಹೋಗಿದ್ದರೆ ಮೊದಲ ಸಲ ಅರ್ಧದಿಂದಷ್ಟೇ ಇಳಿಯಿರಿ, ಹೊರೆಯಿಲ್ಲದೆ. ತೊಡೆಯ ನೋವು ಪೂರ್ತಿ ಹೋದ ಮೇಲೆ, ವಾರ ಹತ್ತು ದಿನ ಬಿಟ್ಟು, ಇನ್ನೊಮ್ಮೆ ಪೂರ್ತಿ ಇಳಿಯಿರಿ. ಬ್ಯಾಗು ಮೂರನೇ ಸಲಕ್ಕೆ ಸಾಕು.